ಕಾಣದ ರಿವಾಲ್ವರಿಗೊಂದು ಜಾಗ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ಮೆಲ್ಲನೆ ಎದ್ದು ಚಹಾ ತರಲು ಹೋಗುವವನು ನಾನು. ಅವರು ಸುಳ್ಳು ಹೇಳುತ್ತಾರೆಂದಲ್ಲ, ನನಗೆ ಅದರಲ್ಲಿ ರುಚಿಯಿಲ್ಲ. ಮರದ ಕೆಲಸದಲ್ಲಿ ಅಳತೆ ಸರಿಯಿದ್ದರೆ ಕೂರುತ್ತದೆ, ತಪ್ಪಿದ್ದರೆ ಕೂರುವುದಿಲ್ಲ. ಮೂರನೆಯದೊಂದು ಇದೆಯೆಂದು ನಾನು ಯಾವತ್ತೂ ಯೋಚಿಸಿದವನಲ್ಲ. ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದ್ದೇನೆ. ಒಂದು ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ. ಅದನ್ನು ಹೇಳಿಬಿಡುತ್ತೇನೆ. ಬೇಕಾದರೆ ನೀವೂ ಚಹಾ ತರಲು ಹೋಗಬಹುದು.

ಬಹ್ರೇನಿನ ಸನದ್‌ನಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಫೋಟೋಗೆ ಕಟ್ಟು ಹಾಕುವುದು, ಗಾಜಿನ ಕಪಾಟು, ಬೆಲೆಬಾಳುವ ವಸ್ತುಗಳನ್ನು ಇಡುವ ಪೆಟ್ಟಿಗೆ, ಇಂಥ ಕೆಲಸ. ಮರ ನನ್ನದು, ಗಾಜು ಪಾಲುದಾರ ಹಮೀದನದು. ಅವನು ಉಪ್ಪಿನಂಗಡಿಯ ಬ್ಯಾರಿ, ನಾನು ಕಾರ್ಕಳದ ಆಚಾರಿ. ಇಪ್ಪತ್ತು ವರ್ಷಗಳಿಂದ ಒಂದೇ ಮೇಜಿನ ಎರಡು ತುದಿಯಲ್ಲಿ ಜಗಳವಿಲ್ಲದೆ ದುಡಿದಿದ್ದೇವೆ. ಜಗಳವಿಲ್ಲ ಅಂದರೆ ದೊಡ್ಡ ಜಗಳವಿಲ್ಲ.

ನಮ್ಮ ಹಳೆಯ ಗಿರಾಕಿಗಳಲ್ಲಿ ಹಮದ್ ಟೌನಿನ ಹಾಜಿ ಒಬ್ಬರು. ನಿವೃತ್ತ ಎಂಜಿನಿಯರ್. ನಮ್ಮವರ ಜೊತೆ ಕೆಲಸ ಮಾಡಿ ಮಾಡಿ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರಿಗೆ ಒಂದೇ ಹುಚ್ಚು: ನೂರು ವರ್ಷಕ್ಕೂ ಹಳೆಯ ಗುರಿಸ್ಪರ್ಧೆಯ ರಿವಾಲ್ವರುಗಳನ್ನು ಕೂಡಿಹಾಕುವುದು. ಸರ್ಕಾರದ ಪರವಾನಗಿ ಪಡೆದು, ಗುಂಡು ಹಾರದಂತೆ ಮಾಡಿಸಿ, ಮನೆಯ ಒಂದು ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಮೊದಲ ಸಲ ಆ ಕೋಣೆಗೆ ಹೋದಾಗ ನನಗೆ ಒಳಗೊಳಗೇ ಅಳುಕಿತ್ತು. ಹಾಜಿ ಅದನ್ನು ಕಂಡು ನಕ್ಕು, "ಇವು ಮನುಷ್ಯನ ಕಡೆ ಯಾವತ್ತೂ ಮುಖ ಮಾಡಿದವಲ್ಲ, ಸದೀಕ್. ಇವುಗಳ ಶತ್ರು ಬರೀ ರಟ್ಟಿನ ಗುರಿ" ಎಂದರು. ಸದೀಕ್ ಅಂದರೆ ಅರಬಿಯಲ್ಲಿ ಗೆಳೆಯ, ಅವರು ನನ್ನನ್ನು ಹಾಗೆಯೇ ಕರೆಯುವುದು. ಉದ್ದನೆಯ ನಳಿಗೆ, ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಗುರಿಮಣಿ, ಹಿಂದೆ ತಿರುಪಿನಿಂದ ಅತ್ತಿತ್ತ ಸರಿಸುವ ಇನ್ನೊಂದು, ಅಂಗೈ ತುಂಬುವ ಅಕ್ರೋಟ್ ಮರದ ಹಿಡಿ. ನೋಡನೋಡುತ್ತ ನನಗೂ ಇಷ್ಟವಾಗಿಬಿಟ್ಟವು. ಆ ಹಿಡಿಗಳನ್ನು ಮಾಡಿದ ಬಡಗಿಯ ಕೈ ಮುಟ್ಟಿ ನಮಸ್ಕಾರ ಮಾಡಬೇಕು ಅನಿಸಿತು.

ಅವುಗಳಲ್ಲಿ ಒಂದು ಒಂಟಿ. ಜೋಡಿಯಾಗಿ ತಯಾರಾದದ್ದು, ಜೊತೆಯದು ಎಲ್ಲೋ ಕಳೆದುಹೋಗಿತ್ತು. ಹಾಜಿ ಅದನ್ನು ಅರ್ಧ ಆಯುಷ್ಯ ಹುಡುಕಿದ್ದರು. ಒಮ್ಮೆ ಯಾರೋ ಬೇರೆ ರಿವಾಲ್ವರನ್ನು ಜೊತೆಯದೆಂದು ನಂಬಿಸಿ ಟೋಪಿ ಹಾಕಿದ್ದರಂತೆ. ಅಂದಿನಿಂದ ಅದರ ಮಾತೆತ್ತಿದವರನ್ನೆಲ್ಲ ಅನುಮಾನದಿಂದಲೇ ನೋಡುತ್ತಿದ್ದರು. ಆದರೂ ಆಸೆ ಬಿಟ್ಟಿರಲಿಲ್ಲ. ಆ ಒಂಟಿಗೆ ಒಂದು ಪೆಟ್ಟಿಗೆ ಬೇಕು, ಅದರಲ್ಲಿ ಎರಡು ಜಾಗ ಇರಬೇಕು ಎಂದರು. ಇನ್ನೊಂದು ಖಾಲಿ ಇರಲಿ, ಕಾಯುತ್ತದೆ ಎಂದರು.

ಕಂದು ಕಾಗದದ ಮೇಲೆ ರಿವಾಲ್ವರನ್ನು ಮಲಗಿಸಿ ಸುತ್ತ ಪೆನ್ಸಿಲ್ ಎಳೆದುಕೊಂಡು ಬಂದೆ. ಅದೇ ಆಕಾರವನ್ನು ಮಗುಚಿ ಇನ್ನೊಂದಕ್ಕೂ ಗುರುತು ಹಾಕಿದೆ. ಹಲಗೆಯನ್ನು ಅಷ್ಟೇ ಆಕಾರದಲ್ಲಿ ಕೊರೆದು, ಮೇಲೆ ಹಸಿರು ಮಖಮಲ್ ಅಂಟಿಸಿದರೆ ರಿವಾಲ್ವರು ತೊಟ್ಟಿಲಲ್ಲಿ ಮಲಗಿದ ಹಾಗೆ ಕೂರುತ್ತದೆ. ಇದು ನನಗೆ ಹೊಸ ಕೆಲಸವೇನಲ್ಲ.

ಇಂಥ ಕಥೆಗಳೆಲ್ಲ ರಾತ್ರಿ ನಡೆಯಬೇಕೆಂದು ನನಗೂ ಗೊತ್ತು. ನನ್ನದು ನಡೆದದ್ದು ಶುಕ್ರವಾರ ಮಧ್ಯಾಹ್ನ, ಬಂಗುಡೆ ಸಾರಿನ ಊಟದ ಮೇಲೆ. ಹಮೀದ್ ಜುಮ್ಮಾ ಮುಗಿಸಿ ಮನೆಗೆ ಹೋಗಿದ್ದ. ಹೊರಗೆ ಬಿಸಿಲು, ಒಳಗೆ ಏಸಿಯ ಸದ್ದು. ಮೊದಲ ಜಾಗ ಮುಗಿದಿತ್ತು, ಎರಡನೆಯದಕ್ಕೆ ಕೈ ಹಾಕಿದೆ. ಕೆಲಸ ಸರಾಗವಾಗಿ ಸಾಗಿತು. ಮನಸ್ಸು ತುಂಬ ಹಗುರಾಗಿತ್ತು, ಅದೊಂದು ನೆನಪಿದೆ. ಯಾವುದೋ ಹಳೆಯ ಹಾಡು ಗುನುಗುತ್ತಿದ್ದೆ.

ಉಳಿ ಕೆಳಗಿಟ್ಟು ಹೊಟ್ಟು ಊದಿದಾಗ ಕಂಡಿತು. ಟ್ರಿಗರಿನ ಸುತ್ತ ಇರುವ ಬಳೆಯ ಕೆಳಗೆ ಬೆರಳುದ್ದದ ಒಂದು ಕುಳಿ, ಬಾಲದಂತೆ ಹಿಂದಕ್ಕೆ ಬಾಗಿತ್ತು. ಪೆನ್ಸಿಲ್ ಗುರುತು ಅಲ್ಲಿ ಇರಲೇ ಇಲ್ಲ. ಉಳಿ ಜಾರಿದರೆ ಗೀರು ಬೀಳುತ್ತದೆ. ಇದು ಹಾಗಿರಲಿಲ್ಲ. ಅಂಚು ತಿದ್ದಿ, ತಳಕ್ಕೆ ಉಪ್ಪುಕಾಗದ ಉಜ್ಜಿ ನಯ ಮಾಡಿತ್ತು. ಆ ತಿದ್ದಿದ ರೀತಿ ನನ್ನದೇ. ಆದರೆ ಅದನ್ನು ಮಾಡಿದ ನೆನಪು ಮಾತ್ರ ನನಗೆ ಚೂರೂ ಇಲ್ಲ.

ಮರುದಿನ ಹಮೀದ್ ನೋಡಿ, "ಎಂತ ಆಚಾರ್ರೆ, ಇದಕ್ಕೆ ಬಾಲ ಯಾಕೆ ಇಟ್ಟದ್ದು?" ಎಂದ.

"ನಿದ್ದೆ ಬಂದಿರ್ಬೇಕು ಮಾರಾಯ."

"ನಿದ್ದೆಯಲ್ಲಿ ಇಷ್ಟು ಚಂದ ಮಾಡ್ತೀರಾದ್ರೆ ದಿನಾ ಮಲಗಿಯೇ ಕೆಲಸ ಮಾಡಿ."

ಮರದ ತುಂಡು ಕೂರಿಸಿ ಮುಚ್ಚುವುದೆಂದಿದ್ದೆ. ಅಷ್ಟರಲ್ಲಿ ಹಾಜಿಯೇ ಅಂಗಡಿಗೆ ಬಂದರು. ಅವರಿಗೆ ಏನೂ ಮುಚ್ಚಿಡದೆ ತೋರಿಸಿ, ತಪ್ಪಾಗಿದೆ, ಸರಿಮಾಡುತ್ತೇನೆ ಎಂದೆ. ಅವರು ಆ ಕುಳಿಯ ಮೇಲೆ ಬೆರಳಾಡಿಸಿ, ಬರದೇ ಇರುವ ವಸ್ತುವಿನ ಜಾಗ ತಾನೆ, ಇದ್ದರೆ ಇರಲಿ ಎಂದು ನಕ್ಕರು. ಮಖಮಲ್ ಅಂಟಿಸಿದೆ. ಪೆಟ್ಟಿಗೆ ಹಮದ್ ಟೌನಿಗೆ ಹೋಯಿತು. ನಾನು ಮರೆತೆ.

ಕೆಲವು ತಿಂಗಳ ನಂತರ ಹಾಜಿ ಮತ್ತೆ ಬಂದರು. ಸಲಾಂ ಹೇಳಲಿಲ್ಲ, ಕೂರಲೂ ಇಲ್ಲ. ಫೋನ್ ನನ್ನ ಮುಂದಿಟ್ಟರು. ಅದರಲ್ಲೊಂದು ರಿವಾಲ್ವರಿನ ಚಿತ್ರ. ಯುರೋಪಿನಲ್ಲಿ ಸಿಕ್ಕಿದೆ, ನಿಮ್ಮದರ ಜೊತೆಯದು ಎಂದು ಮನಾಮಾದ ಒಬ್ಬ ದಲ್ಲಾಳಿ ಅಂದು ಬೆಳಿಗ್ಗೆಯಷ್ಟೇ ಕಳಿಸಿದ್ದ. ಹಾಜಿಯ ರಿವಾಲ್ವರಿನ ಹಾಗೆಯೇ ಇತ್ತು, ಒಂದು ವ್ಯತ್ಯಾಸ ಬಿಟ್ಟು. ಟ್ರಿಗರಿನ ಬಳೆಯ ಕೆಳಗೆ, ಗುರಿ ಹಿಡಿಯುವಾಗ ನಡುಬೆರಳು ಊರಲು ಒಂದು ಉಕ್ಕಿನ ಕೊಕ್ಕೆ, ಹಳೆಯ ಒಡೆಯ ಯಾರೋ ಆಮೇಲೆ ಸೇರಿಸಿದ್ದಿರಬೇಕು. ಬಾಲದಂತೆ ಹಿಂದಕ್ಕೆ ಬಾಗಿತ್ತು.

ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ನೋಡಿದೆ. ಆದರೆ ಹಾಜಿಯ ಮುಖದಲ್ಲಿದ್ದದ್ದು ಆಶ್ಚರ್ಯವಲ್ಲ. ಆ ದಲ್ಲಾಳಿ ನಮ್ಮ ಅಂಗಡಿಯಲ್ಲೇ ಫೋಟೋಗಳಿಗೆ ಕಟ್ಟು ಹಾಕಿಸುತ್ತಿದ್ದವನು. ರಿವಾಲ್ವರು ಮೊದಲೇ ಅವನ ಕೈಗೆ ಸಿಕ್ಕಿತ್ತು, ಅದರ ಆಕಾರ ನನಗೆ ತಿಳಿಸಿದ್ದ, ಇದೇ ಜೊತೆಯದೆಂದು ಮುದುಕನನ್ನು ನಂಬಿಸಲು ಇಬ್ಬರೂ ಸೇರಿ ಕುಳಿ ಕೊರೆದಿದ್ದೇವೆ. ಹಾಜಿಯ ಲೆಕ್ಕ ಹಾಗಿತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಯೋಚಿಸುತ್ತಿದ್ದೆ.

"ನಿನಗೆ ಯಾರು ಹೇಳಿದರು?" ಎಂದು ಕೇಳಿದರು.

"ಯಾರೂ ಹೇಳಿಲ್ಲ ಹಾಜಿ."

"ಹಾಗಾದರೆ ಯಾಕೆ ಕೊರೆದೆ?"

"ಗೊತ್ತಿಲ್ಲ."

ಅವರು ಫೋನ್ ತೆಗೆದುಕೊಂಡು ಹೊರಟುಹೋದರು. ಇಷ್ಟು ವರ್ಷ ಈ ಊರಿನಲ್ಲಿ ಸಂಪಾದಿಸಿದ ಹೆಸರು ಅವರ ಹಿಂದೆಯೇ ಬಾಗಿಲು ದಾಟಿ ಹೋದಂತಾಯಿತು. ನನಗೆ ಅಳು ಬಂತು ಎಂದರೆ ನಾಚಿಕೆಯೇನಿಲ್ಲ.

ಹಮೀದ್ ನನಗೊಂದು ದಾರಿ ಹೇಳಿಕೊಟ್ಟ. "ನೆಟ್ಟಿನಲ್ಲಿ ಎಲ್ಲಿಯೋ ಅಂಥದ್ದೇ ಒಂದು ಫೋಟೋ ನೋಡಿದ್ದೆ, ಅದು ತಲೆಯಲ್ಲಿ ಉಳಿದಿತ್ತು ಅಂತ ಹೇಳಿಬಿಡಿ ಆಚಾರ್ರೆ. ಅವರಿಗೂ ಸಮಾಧಾನ, ನಿಮಗೂ. ಇದರಲ್ಲಿ ಯಾರಿಗೆ ಎಂತ ನಷ್ಟ ಉಂಟು?"

ಮಾತು ಸರಿಯೇ ಇತ್ತು. ಆ ಸುಳ್ಳು ನನ್ನ ಸತ್ಯಕ್ಕಿಂತ ಎಷ್ಟೋ ನಂಬುವಂತಿತ್ತು. ಎರಡು ಸಲ ಫೋನ್ ಎತ್ತಿಕೊಂಡೆ, ಎರಡು ಸಲವೂ ಇಟ್ಟೆ. ದೊಡ್ಡ ಸತ್ಯವಂತನೆಂದಲ್ಲ. ನನಗೇ ಅರ್ಥವಾಗದ ಒಂದು ಸಂಗತಿಗೆ ಅಗ್ಗದ ಬಣ್ಣ ಬಳಿದು ಮುಗಿಸಿಬಿಡಲು ಮನಸ್ಸಾಗಲಿಲ್ಲ.

ಹಾಜಿಯಿಂದ ಬಹಳ ದಿನ ಸುದ್ದಿಯಿಲ್ಲ. ಚಳಿಗಾಲ ಬಂತು. ಒಂದು ಸಂಜೆ ಅವರದೇ ಫೋನು, ಮನೆಗೆ ಬಾ ಎಂದಷ್ಟೇ ಹೇಳಿದರು. ಹಮದ್ ಟೌನಿನಲ್ಲಿ ಒಂದು ವೃತ್ತ ತಪ್ಪಿ ಇನ್ನೊಂದಕ್ಕೆ ಹೋಗಿ ಸುತ್ತಿ ಬಂದೆ.

ಕೋಣೆಯ ಮೇಜಿನ ಮೇಲೆ ನನ್ನ ಪೆಟ್ಟಿಗೆ ತೆರೆದಿತ್ತು, ಪಕ್ಕದಲ್ಲಿ ಹೊಸದಾಗಿ ಬಂದ ರಿವಾಲ್ವರು. ಹಾಜಿ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಮೊದಲು ನೋಡಿದ್ದು ಹಿಡಿಯನ್ನು. ಎರಡೂ ಹಿಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಾಗ ಒಂದರ ಮರದ ಗೆರೆಗಳು ಇನ್ನೊಂದರಲ್ಲಿ ಮುಂದುವರಿದವು. ಒಂದೇ ತುಂಡಿನಿಂದ ಕೊಯ್ದ ಮರ. ನಿಜವಾಗಿಯೂ ಜೋಡಿಯೇ, ಟೋಪಿಯಲ್ಲ. ಇಷ್ಟನ್ನು ನಾನು ಯಾರಿಗೆ ಬೇಕಾದರೂ ವಿವರಿಸಬಲ್ಲೆ.

ಆಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಒತ್ತಬೇಕಾಗಲಿಲ್ಲ. ಕೊಕ್ಕೆ ಆ ಕುಳಿಯೊಳಗೆ ಇಳಿಯಿತು, ಸುತ್ತ ಒಂದು ಕಾಗದ ತೂರುವಷ್ಟೂ ಜಾಗ ಉಳಿಯಲಿಲ್ಲ. ಇದನ್ನು ವಿವರಿಸಲಾರೆ.

ಹಾಜಿಯ ಕಣ್ಣು ಒದ್ದೆಯಾಗಿತ್ತು. ಇನ್ನೂ ನನ್ನ ಮೇಲೆ ಅನುಮಾನ ಉಂಟೇ ಎಂದು ಕೇಳಿಯೇಬಿಟ್ಟೆ.

"ನೀನು ಕಳ್ಳನಾಗಿದ್ದರೆ ನಾನು ಕೇಳುವ ಮೊದಲೇ ಒಂದು ಒಳ್ಳೆಯ ಕಾರಣ ಸಿದ್ಧಮಾಡಿಕೊಂಡಿರುತ್ತಿದ್ದೆ" ಎಂದರು. "ನೀನು ಗೊತ್ತಿಲ್ಲ ಅಂದೆ. ಇಷ್ಟು ಕೆಟ್ಟ ಉತ್ತರವನ್ನು ಯಾವ ಕಳ್ಳನೂ ಕೊಡುವುದಿಲ್ಲ, ಸದೀಕ್. ಅದನ್ನು ನಂಬಿಯೇ ಇದನ್ನು ತರಿಸಿದೆ."

ಕಹ್ವಾ ಕಾಫಿ ಬಂತು, ಖರ್ಜೂರ ಬಂತು. ಹೊರಡುವಾಗ ಹಾಜಿ ಮೂಲೆಯಿಂದ ಅಕ್ರೋಟ್ ಮರದ ಒಂದು ದಪ್ಪ ಹಲಗೆ ಎತ್ತಿ ನನ್ನ ಕೈಗಿಟ್ಟರು. ಇದರಲ್ಲಿ ನಿನಗೆ ತೋಚಿದ್ದನ್ನು ಕೊರೆ, ಅದು ಎಲ್ಲಿದೆಯೆಂದು ನಾನು ಹುಡುಕುತ್ತೇನೆ ಎಂದು ನಕ್ಕರು.

ಆ ಹಲಗೆ ಈಗಲೂ ಅಂಗಡಿಯ ಗೋಡೆಗೆ ಒರಗಿದೆ. ಕೆಲವು ಶುಕ್ರವಾರ, ಬಂಗುಡೆ ಸಾರಿನ ಊಟ ಮುಗಿಸಿ, ಉಳಿ ಹಿಡಿದು ಅದರ ಮುಂದೆ ಕೂರುತ್ತೇನೆ. ಹಮೀದ್ ಮನೆಗೆ ಹೋಗಿರುತ್ತಾನೆ, ಏಸಿ ಸದ್ದು ಮಾಡುತ್ತಿರುತ್ತದೆ, ಅದೇ ಹಾಡನ್ನೂ ಗುನುಗಿ ನೋಡಿದ್ದೇನೆ. ಏನೂ ಆಗುವುದಿಲ್ಲ. ಚೆನ್ನಾಗಿ ನಿದ್ದೆ ಬರುತ್ತದೆ, ಅಷ್ಟೆ. ಎದ್ದ ಕೂಡಲೇ ಮಾತ್ರ ಮೊದಲು ಹಲಗೆಯನ್ನು ನೋಡುತ್ತೇನೆ.