ಯುಪಿಎಸ್ಸಿನ ಶ್ರುತಿ

ನಾನು ಸಂಗೀತ ಬರೆಯುವವಳು. ಹಾಡುವವಳಲ್ಲ, ನುಡಿಸುವವಳೂ ಅಲ್ಲ. ಪಿಟೀಲು, ಚೆಲ್ಲೋ ನುಡಿಸುವ ನಾಲ್ಕು ಜನಕ್ಕೆ ಕಾಗದದ ಮೇಲೆ ಸ್ವರ ಬರೆದುಕೊಡುವವಳು. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಇದನ್ನು ವಿವರಿಸಿ ವಿವರಿಸಿ ಸಾಕಾಗಿ, ಈಗ ಯಾರಾದರೂ ಕೇಳಿದರೆ 'ಮ್ಯೂಸಿಕ್ ಟೀಚರ್' ಅಂದುಬಿಡುತ್ತೇನೆ. ನನಗಿರುವ ಬಂಡವಾಳ ಒಂದೇ, ಕಿವಿ.

ತಿಂಡಿ ಮುಗಿಸಿ ಗೋಡೆಗೆ ಮುಖ ಮಾಡಿ ಕೂರುತ್ತೇನೆ. ಯಾವ ವಾದ್ಯವನ್ನೂ ಮುಟ್ಟುವುದಿಲ್ಲ. ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಬರೆಯಬೇಕು. ಸೊಪ್ಪಿನವಳ ಕೂಗು, ಪಕ್ಕದ ಮನೆಯ ಮಿಕ್ಸಿ, ಯಾವುದನ್ನೂ ಬಿಟ್ಟವಳಲ್ಲ. ಹೊಂಗೆ ಮರದ ಅಳಿಲುಗಳಂತೂ ನನ್ನ ಎಷ್ಟೋ ಕೃತಿಗಳಲ್ಲಿ ಚಿಕ್ ಚಿಕ್ ಎಂದಿವೆ. ಕರೆಂಟ್ ತಂತಿಗೆ ತಾಗುತ್ತದೆಂದು ಆ ಮರದ ಕೊಂಬೆ ಕಡಿದರು. ಆಮೇಲೆ ಬರುಬರುತ್ತಾ ಅಳಿಲಿನ ಸದ್ದೇ ನಿಂತುಹೋಯಿತು. ಕಡಿದವರಿಗೆ ಬಾಯಿಗೆ ಬಂದಂತೆ ಬೈದೆ. ಅಳಿಲುಗಳಿಗೆ ವಿದಾಯ ಹೇಳುವ ಕೃತಿಯೊಂದನ್ನೂ ಬರೆದೆ. ಮಹಡಿಯ ಸಂಡಿಗೆ ಅಳಿಲು ತಿಂತು ಎಂದು ನನ್ನ ಗಂಡ ಗೊಣಗಿದರೆ, "ಅಳಿಲೆಲ್ಲಿದೆ ರೀ, ಇಲಿ ಇರ್ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಅಳಿಲಿಲ್ಲದ ಆ ಖಾಲಿಯಲ್ಲೇ ನನಗೆ ಯುಪಿಎಸ್ ಸಿಕ್ಕಿದ್ದು. ಮೆಟ್ಟಿಲ ಕೆಳಗಿನ ಆ ಪೆಟ್ಟಿಗೆ ಸಣ್ಣಗೆ, ಎಡೆಬಿಡದೆ ಕುಂಯ್ ಎನ್ನುತ್ತಿತ್ತು. ಇದೇ ನಮ್ಮ ಮನೆಯ ಶ್ರುತಿ ಎಂದುಕೊಂಡೆ. ಅರೆಕೆರೆಯ ಅಕ್ಕನ ಮನೆಗೆ ಹೋದರೆ ಅಲ್ಲೂ ಅದೇ ಸ್ವರ. ಅವರ ಮನೆಯಲ್ಲೂ ಯುಪಿಎಸ್ ಇದೆಯಲ್ಲ! ಇಡೀ ಊರಿನ ತಂಬೂರಿಯೇ ಸಿಕ್ಕಿಬಿಟ್ಟಿತೆಂದು ಹಿಗ್ಗಿದೆ. ಐದಾರು ವರ್ಷ ಬರೆದದ್ದೆಲ್ಲ ಅದರ ಮೇಲೆಯೇ. ಹೊಸ ಕೃತಿಯ ಕೊನೆಗೆ ಒಂದು ಸೂಚನೆ ಸೇರಿಸಿದೆ: 'ಇಲ್ಲಿ ನಾಲ್ವರೂ ಕಮಾನು ಎತ್ತಿ, ಒಂದು ನಿಮಿಷ ಮನೆಯ ಶ್ರುತಿ ಕೇಳಿಸಿಕೊಳ್ಳಬೇಕು.' ನಮ್ಮ ಮನೆಯಲ್ಲೇ ಅಭ್ಯಾಸ. ನಾಲ್ವರೂ ಕಣ್ಣು ಮುಚ್ಚಿ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು!

ಮೊನ್ನೆ ಪಿಟೀಲಿನ ಹುಡುಗಿ ಉಳಿದವರಿಗಿಂತ ಮೊದಲೇ ಬಂದಳು. ಆ ಒಂದು ನಿಮಿಷವನ್ನು ಎರಡು ಮಾಡೋಣ ಎಂದು ಅವಳಿಗೆ ಹೇಳುತ್ತಿದ್ದೆ.

"ನೋಡು, ಈಗ್ಲೂ ಎಷ್ಟು ನೀಟಾಗಿ ಕೇಳಿಸ್ತಿದೆ. ಯುಪಿಎಸ್ ಅಂದ್ರೆ ಯುಪಿಎಸ್ಸು!"

ಕಾಫಿ ತಂದ ನನ್ನ ಗಂಡ ಅಲ್ಲೇ ನಿಂತರು. "ಯಾವ ಯುಪಿಎಸ್ಸೇ? ನೀನು ಸ್ನಾನಕ್ಕೆ ಹೋಗಿದ್ದಾಗ ರಿಪೇರಿಯವನು ಬಂದು ತಗೊಂಡ್ ಹೋದ್ನಲ್ಲ."

"ಸುಮ್ನಿರಿ, ತಮಾಷೆ ಬೇಡ."

ಎದ್ದು ಹೋಗಿ ನೋಡಿದೆ. ಮೆಟ್ಟಿಲ ಕೆಳಗೆ ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳು, ಬಿಚ್ಚಿಟ್ಟ ಎರಡು ವೈರು. ಕುಂಯ್ ಮಾತ್ರ ನಿಂತಿರಲಿಲ್ಲ. ಎರಡೂ ಕಿವಿಗಳನ್ನು ಬೆರಳಿನಿಂದ ಒತ್ತಿ ಮುಚ್ಚಿದೆ. ಅಯ್ಯೋ ದೇವರೇ, ಇನ್ನೂ ಜೋರಾಯಿತು! ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆ ಸದ್ದು ಮನೆಯದಲ್ಲ, ನನ್ನ ಕಿವಿಯದು. ಐದಾರು ವರ್ಷ ನನ್ನ ಕಾಯಿಲೆಯನ್ನೇ ಕೂತು ಸ್ವರ ಹಾಕಿ ಬರೆದಿದ್ದೆ.

ಹುಡುಗಿ ಓಡಿಬಂದಳು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ನಿಮ್ಗೆ ಯಾರಿಗೂ ಇದು ಕೇಳಿಸ್ತಿರ್ಲಿಲ್ವಾ? ಮತ್ತೆ ಅಷ್ಟು ಹೊತ್ತು ಕಣ್ಮುಚ್ಕೊಂಡು ಏನ್ ನಾಟಕ ಆಡ್ತಿದ್ರಿ?"

"ಸಾರಿ ಮೇಡಂ. ನಿಮ್ಮ ಕಿವಿ ಅಷ್ಟು ಸೂಕ್ಷ್ಮ, ನಮ್ದೇ ಮಂದ ಅಂದ್ಕೊಂಡ್ವಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದ್ರೆ ಆ ಒಂದು ನಿಮಿಷ ನಿಮ್ಗೆ ಏನೂ ಕೇಳಿಸ್ತಾನೇ ಇರ್ಲಿಲ್ಲ, ಅಲ್ವಾ?"

"ಕೇಳಿಸ್ತಿತ್ತು ಮೇಡಂ. ಅಳಿಲು."

"ಯಾವ ಅಳಿಲು? ಅವು ಹೋಗಿ ಎಷ್ಟು ವರ್ಷ ಆಯ್ತು!"

ಅವಳು ನನ್ನ ಮುಖ ನೋಡಿದಳು, ನನ್ನ ಗಂಡನ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು. "ಈಗ್ಲೂ ಕೂಗ್ತಿದೆಯಲ್ಲ ಮೇಡಂ," ಎಂದು ಅವಳು ಮೆಲ್ಲಗೆ ಕಿಟಕಿಯ ಕಡೆ ಕೈ ತೋರಿಸಿದಳು.

ಕಿಟಕಿಯಾಚೆ, ಕಾಂಪೌಂಡ್ ಗೋಡೆಯ ಮೇಲೆ ಅಳಿಲೊಂದು ಕೂತಿತ್ತು. ಬಾಲ ಕುಣಿಸುತ್ತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ನನಗೆ ಕುಂಯ್ ಎಂಬುದೊಂದೇ ಕೇಳಿಸುತ್ತಿತ್ತು.