ಎರಡು ಬೆರಳಿನ ಪಾನಾ

ಹಳೆ ಗ್ರೀಸಿನ ವಾಸನೆಯ, ನಟ್ಟು ತಿರುಗಿಸುವ ಪಾನಾ ಒಂದನ್ನು ಹೋದ ತಿಂಗಳು ಒಬ್ಬರು ಚನ್ನಗಿರಿಯ ನನ್ನ ಬಿಡಿಭಾಗದ ಅಂಗಡಿಗೆ ತಂದಿದ್ದರು. ಹಳೆ ಜೀಪುಗಳ ಸಾಮಾನು ಕೂಡಿಡುವ ಹವ್ಯಾಸದವರು. ಹೊನ್ನಾಳಿಯ ಗುಜರಿಯಲ್ಲಿ ಸಿಕ್ಕಿತಂತೆ. ಎಲ್ಲಿಯೂ ಕಂಪನಿಯ ಗುರುತಿಲ್ಲ, ಇಂಗ್ಲೆಂಡಿನದೋ ಅಮೆರಿಕದ್ದೋ ನೋಡಿ ಹೇಳಿ ಎಂದರು. ಹಿಡಿಯಲ್ಲಿ ಎರಡೇ ಬೆರಳು ಕೂರುವಷ್ಟು ತಗ್ಗು, ತುದಿಯಲ್ಲಿ ಮಣಿಕಟ್ಟಿಗೆ ಸಿಕ್ಕಿಸುವ ಕೊಕ್ಕೆ. ಹಿಡಿದು ನೋಡಿದೆ. ನನ್ನ ಉಂಗುರಬೆರಳಿಗೂ ಕಿರುಬೆರಳಿಗೂ ಜಾಗವಿರಲಿಲ್ಲ...

ಅದು ಯಾವ ಕಂಪನಿಯದೂ ಅಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಅದನ್ನು ಮಾಡಿದ್ದು ಜಗಳೂರಿನ ಗ್ಯಾರೇಜ್ ಮೇಸ್ತ್ರಿ.

ಆಗ ನಾನು ಲಾರಿ ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ ಜಗಳೂರು ಇನ್ನೂ ಅರ್ಧ ಮೈಲಿ ಇರುವಾಗ ಸೈಕಲ್ಲಿನವನೊಬ್ಬ ಚಕ್ರಕ್ಕೆ ಸಿಕ್ಕಿದ. ಕಾಲು ನುಜ್ಜಾಗಿತ್ತು. ಇಳಿದು ಎತ್ತಲು ಹೋದೆ. ಹೊಲದ ಕಡೆಯಿಂದ ಜನ ಓಡಿಬಂದರು. ಮೊದಲ ಕಲ್ಲು ಕಿವಿಗೆ ಬಿತ್ತು, ಎರಡನೆಯದು ಬಾಯಿಗೆ. ಹಲ್ಲು ಉಗಿಯುತ್ತಾ ಓಡಿದೆ. ರಸ್ತೆ ಪಕ್ಕದ ಗ್ಯಾರೇಜಿನ ಬಾಗಿಲು ತೆರೆದಿತ್ತು, ನುಗ್ಗಿದೆ. ಮೇಸ್ತ್ರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಒಂದು ಮಾತೂ ಕೇಳದೆ ಬಾಗಿಲು ಹಾಕಿ, ಸಡಿಲಾಗಿದ್ದ ಚಿಲಕವನ್ನು ಬಲಗೈಯಲ್ಲಿ ಒತ್ತಿ ಹಿಡಿದರು.

ಹೊರಗಿನವರು ಬಾಗಿಲಿಗೆ ಕಲ್ಲು ಎತ್ತಿಹಾಕಿದರು. ಹಲಗೆ ಸೀಳಿತು. ಬೆಂಚಿನ ಕೆಳಗೆ ಮುದುಡಿದ್ದ ನನಗೆ ಆ ಸೀಳಿನಲ್ಲಿ ಒಂದು ಮುಖ ನಿಚ್ಚಳವಾಗಿ ಕಂಡಿತು. ರಸ್ತೆಯಲ್ಲಿ ಸೈಕಲ್ಲಿನವನನ್ನು ತೊಡೆಯ ಮೇಲೆ ಹಾಕಿಕೊಂಡು 'ತಮ್ಮಾ' ಎಂದು ಅರಚುತ್ತಿದ್ದವನೇ ಅವನು. ಕುಡುಗೋಲನ್ನು ಸೀಳಿನೊಳಗೆ ತೂರಿಸಿ ಎಳೆದ. ಮೇಸ್ತ್ರಿಯ ಎರಡು ಬೆರಳು ಎಣ್ಣೆ ಮಣ್ಣಿನ ಮೇಲೆ ಬಿದ್ದವು. ಅವರು ಕೂಗಲಿಲ್ಲ. ಭುಜ ಕೊಟ್ಟು ಬಾಗಿಲಿಗೆ ಒರಗಿದರು, ಎಡಗೈಯಲ್ಲಿ ಚಿಲಕ ಹಿಡಿದರು. ಪೊಲೀಸರು ಬರುವ ತನಕ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸಿನವರು ಕಡಿದವನು ಯಾರೆಂದು ಕೇಳಿದರು. ಮೇಸ್ತ್ರಿ ನನ್ನ ಕಡೆ ನೋಡಿದರು.

"ನನಗೆ ಕುಡುಗೋಲಷ್ಟೇ ಕಂಡಿತ್ರಿ. ಸೀಳಿನ ಎದುರಿಗಿದ್ದೋರು ಇವ್ರು, ಮುಖ ನೋಡ್ಯಾರ, ಕೇಳ್ರಿ."

ನಾನು ಅದೇ ದಾರಿಯಲ್ಲಿ ಮತ್ತೆ ಲಾರಿ ಓಡಿಸಬೇಕಿತ್ತು. ಏನೂ ಕಾಣಲಿಲ್ಲ ಎಂದೆ. ಮೇಸ್ತ್ರಿ ಗೋಡೆಯ ಕಡೆ ತಿರುಗಿ ಮಲಗಿದರು.

ಒಂದು ವರ್ಷವಾದ ಮೇಲೆ ಆ ಗ್ಯಾರೇಜಿನ ಎದುರು ಲಾರಿ ನಿಧಾನ ಮಾಡಿದೆ. ಕೊಕ್ಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿ, ಆ ಪಾನಾದಲ್ಲಿ ಅವರು ಚಕ್ರದ ನಟ್ಟು ಬಿಗಿ ಮಾಡುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಗೇರು ಹಾಕಿ ಮುಂದೆ ಹೋದೆ. ಆಮೇಲೆ ಆ ದಾರಿಯ ಬಾಡಿಗೆಯನ್ನೇ ಬಿಟ್ಟು ನ್ಯಾಮತಿ ಕಡೆಯ ಬಾಡಿಗೆ ಹಿಡಿದೆ...

ಪಾನಾ ತಂದಿದ್ದ ಹವ್ಯಾಸದವರಿಗೆ ಅದನ್ನು ಮಾಡಿದವರ ಹೆಸರು ಹೇಳಿದೆ. ಅವರು ಬರೆದುಕೊಂಡು ಹೋದರು. ಮರುದಿನ ನಾನು ಜಗಳೂರಿನ ಬಸ್ಸು ಹತ್ತಿದೆ.

ಗ್ಯಾರೇಜಿನ ಜಾಗದಲ್ಲಿ ಮೇಸ್ತ್ರಿಯ ಮಗಳು ಹೊಲಿಗೆ ಅಂಗಡಿ ಇಟ್ಟಿದ್ದಳು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು, ಸಾಮಾನೆಲ್ಲ ಗುಜರಿಗೆ ಹೋಗಿತ್ತು. ನಾನು ಯಾರೆಂದು ಹೇಳಿದೆ. ಅವತ್ತು ಮುಖ ನೋಡಿದ್ದೆ, ಸುಳ್ಳು ಹೇಳಿದ್ದೆ ಎಂದೂ ಹೇಳಿದೆ. ಅವಳು ಮಿಷನ್ ನಿಲ್ಲಿಸಿದಳು.

"ಅಪ್ಪಗೆ ಆಮೇಲೆ ಗೊತ್ತಾತ್ರಿ. ಕಡದೋನೇ ಬಂದು ಹೇಳ್ದ. ಅಪ್ಪ ಅದೇ ಪಾನಾ ತಗೊಂಡು ಅವನ ಭುಜ ಮುರಿಯಂಗೆ ಒಂದು ಬಿಟ್ಟ. ಅವನು ಬಿದ್ದು ಅತ್ತ. ಆಮೇಲೆ ಇಬ್ರೂ ಇಲ್ಲೇ ಕುಂತು ಚಾ ಕುಡುದ್ರು. ಕೊನೆತನಕ ಅವನ ಟ್ರ್ಯಾಕ್ಟರ್ ರಿಪೇರಿ ಮಾಡಾಕೆ ಬೇರೆಯವ್ರನ್ನ ಬಿಡ್ಲಿಲ್ಲ ಅಪ್ಪ."

ನನಗೂ ಒಂದು ಏಟು ಬಿದ್ದಿದ್ದರೆ ಎನ್ನಿಸಿತು. ಮೇಸ್ತ್ರಿ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರಾ ಎಂದು ಕೇಳಿದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಕಡದೋನು ಬಂದ, ಉಳಿದೋನು ಯಾಕೆ ಬರ್ಲಿಲ್ಲ ಅಂತಿದ್ದ. ಇಷ್ಟೇರಿ."

ಅವಳು ಚಾ ತರಿಸುತ್ತೇನೆಂದಳು. ಅವರಿಬ್ಬರೂ ಚಾ ಕುಡಿದಿದ್ದ ಆ ಜಾಗದಲ್ಲೇ ಕೂತಿದ್ದೆ...