ಕುರಿಮಂದೆ ಮಲಗಿದ ಹೊಲದ ಸೊಪ್ಪು

ನನ್ನ ಮೊಮ್ಮಗಳು ಉಚ್ಚೆ ಹೊಯ್ದಳು! ನಗಬೇಡಿ. ಚಿಕ್ಕಬಳ್ಳಾಪುರದ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ ನನ್ನ ಹತ್ತಿರ ಸೊಸೆ ಓಡಿ ಬಂದು ಆ ಮಾತು ಹೇಳಿದಾಗ, ಆ ಮಗು ಹುಟ್ಟಿದ ದಿನಕ್ಕಿಂತ ಹೆಚ್ಚು ಸಂತೋಷವಾಯಿತು ನನಗೆ. ನೆಲ ಒರೆಸುತ್ತಿದ್ದ ಆಯಾಳನ್ನೇ ತಬ್ಬಿಕೊಂಡೆ. ಗುರುತಿಲ್ಲದವರಿಗೆಲ್ಲ ಕರೆದು ಕರೆದು ಹೇಳಿದೆ. ನನಗೆ ಬರುವುದು ನಾಲ್ಕಕ್ಷರ. ಆದರೂ ಇದನ್ನು ಬರೆಯದೆ ಇರಲಾರೆ.

ಆರು ವರ್ಷದ ಕೂಸು. ಮೊದಲು ಹೊಟ್ಟೆನೋವು ಎಂದಳು. ಆಮೇಲೆ ರಕ್ತಭೇದಿ. ಅದು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮುಖ ಊದಿ, ಮೂತ್ರ ಕಟ್ಟಿಹೋಯಿತು. ಕಿಡ್ನಿ ಕೆಲಸ ನಿಲ್ಲಿಸುತ್ತಿದೆ ಎಂದರು ಡಾಕ್ಟರಮ್ಮ. ಅಲ್ಲಿಂದ ನಾವೆಲ್ಲ ಅವಳ ಮಂಚಕ್ಕೆ ನೇತುಹಾಕಿದ್ದ ಮೂತ್ರದ ಖಾಲಿ ಚೀಲವನ್ನೇ ನೋಡುತ್ತಾ ಕೂತೆವು.

ನಮ್ಮ ಹೊಲ ಇರುವುದು ಚಿಂತಾಮಣಿ ತಾಲ್ಲೂಕು, ಕೆಂಚಾರ್ಲಹಳ್ಳಿ ಕಡೆ. ರಾಗಿ, ಟೊಮೇಟೊ ಬೆಳೆಯುವವರು ನಾವು. ಈ ಸಲ ಮಗ ಸಲಾಡಿಗೆ ಹಾಕುವ ಲೆಟ್ಯೂಸ್ ಸೊಪ್ಪು ಇಡುತ್ತೇನೆ ಎಂದ. ಪೇಟೆಯವರು ಅದನ್ನು ಬೇಯಿಸದೆ ಹಸಿಯಾಗಿಯೇ ತಿನ್ನುತ್ತಾರಂತೆ.

"ದನಗಳ ಹಂಗಾ?" ಎಂದು ನಮ್ಮ ಯಜಮಾನರು ನಕ್ಕರು. ನಕ್ಕರೂ ಮಗನ ಬೆಳೆ ಚೆನ್ನಾಗಿ ಬರಲಿ ಎಂದು ರಾಗಿ ಹೊಲಕ್ಕೆ ಮಾಡುವ ಹಾಗೆಯೇ ಮಾಡಿದರು. ಆಂಧ್ರದ ಕಡೆಯಿಂದ ಬಂದಿದ್ದ ಕುರಿಯವನಿಗೆ ಹೇಳಿ ಮಂದೆ ಹಾಕಿಸಿದರು. ಹಿಂಡೆಲ್ಲ ರಾತ್ರಿ ಹೊಲದಲ್ಲೇ ಮಲಗುತ್ತದೆ. ಹಿಕ್ಕೆ, ಗಂಜಲ ಎಲ್ಲ ಅಲ್ಲೇ ಮಣ್ಣಿಗೆ.

"ಮೀ ಚೇನಿಕಿ ಇಂಕ ಎರುವೇ ವದ್ದಮ್ಮಾ," ಎಂದ ಕುರಿಯವನು ಹೊರಡುವಾಗ. ನಿಮ್ಮ ಹೊಲಕ್ಕೆ ಇನ್ನು ಗೊಬ್ಬರವೇ ಬೇಡ ಎಂದು. ನಮಗೆಲ್ಲ ಹೆಮ್ಮೆ.

ರಾಗಿಯಾಗಿದ್ದರೆ ಮಳೆ ಬರುವವರೆಗೆ ಆ ಹಿಕ್ಕೆಯೆಲ್ಲ ಬಿಸಿಲಿಗೆ ಒಣಗುತ್ತಿತ್ತು. ಆದರೆ ಸೊಪ್ಪಿನ ಸಸಿ ನರ್ಸರಿಯಿಂದ ಬಂದೇಬಿಟ್ಟಿತ್ತು. ಹಿಕ್ಕೆ ಹಸಿಯಾಗಿರುವಾಗಲೇ ನಾಟಿ ಹಾಕಿದೆವು. ಸ್ಪ್ರಿಂಕ್ಲರ್ ತಿರುಗಿದಾಗಲೆಲ್ಲ ಕೆಸರು ಸಿಡಿದು ಎಲೆಯ ಮೇಲೆ ಚುಕ್ಕಿ ಚುಕ್ಕಿ. ಮತ್ತೆ ನೀರು ಬಿದ್ದಾಗ ಆ ಚುಕ್ಕಿ ತೊಳೆದುಹೋಗಿ ಕಾಣುತ್ತಿರಲಿಲ್ಲ. ಸೀರೆ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ, ಎಳೆ ಹಸಿರಾಗಿ ಬೆಳೆದು ನಿಂತಿತು. ಅಷ್ಟು ಚಂದದ ಬೆಳೆ ನಮ್ಮ ಹೊಲದಲ್ಲಿ ನಾನು ಕಂಡಿರಲಿಲ್ಲ. ಮೊದಲ ಕೊಯ್ಲು ಗಾಡಿ ಹತ್ತಿದ ದಿನ ಮೊಮ್ಮಗಳು ಬದುವಿನ ಮೇಲೆ ಕೂತು ಎಲೆ ಮುರಿದು ಮುರಿದು ತಿಂದಳು. "ಅಜ್ಜಿ, ಇದು ನೀರಿನ ಹಪ್ಪಳ ಕಣಜ್ಜಿ!" ಎಂದಳು.

ಕಾಯಿಲೆ ಬಿದ್ದಾಗ ನಮಗೆ ಆ ಸೊಪ್ಪಿನ ಯೋಚನೆಯೇ ಬರಲಿಲ್ಲ. ಮುರುಗಮಲ್ಲದಲ್ಲಿ ಬಸ್ಸಿಗೆ ಕಾಯುವಾಗ ಮಗ ಕೊಡಿಸಿದ ಐಸ್‌ಕ್ಯಾಂಡಿಯೇ ಕಾರಣ ಎಂದು ಅವನನ್ನು ಬೈದಿದ್ದೇ ಬೈದಿದ್ದು.

"ಬೇಯಿಸದೆ ಏನಾದ್ರೂ ತಿಂದಿದ್ಲಾ ಅಮ್ಮ?" ಎಂದು ಕೇಳಿದರು ಡಾಕ್ಟರಮ್ಮ. ಸೊಸೆ ಸೊಪ್ಪಿನ ಮಾತು ತೆಗೆದಳು.

"ಅದು ನಮ್ಮದೇ ಹೊಲದ್ದು ಡಾಕ್ಟ್ರೇ," ಎಂದರು ಯಜಮಾನರು. "ಒಂದು ತೊಟ್ಟು ಔಷ್ದಿ ಹೊಡ್ದಿಲ್ಲ. ಬರೀ ಕುರಿಮಂದೆ ಗೊಬ್ಬರ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತರು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದರು. ಕುರಿ, ದನಗಳ ಕರುಳಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ, ಅವಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಸಿ ಗೊಬ್ಬರದಿಂದ ಮಣ್ಣಿಗೆ ಇಳಿಯುತ್ತದೆ, ನೀರು ಸಿಡಿದಾಗ ಎಲೆಗೆ ಹತ್ತುತ್ತದೆ. ಮಡಿಕೆಯೊಳಗೆ ಸೇರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಬೇಯಿಸಿದರೆ ಸಾಯುತ್ತದೆ, ಆದರೆ ಈ ಸೊಪ್ಪನ್ನು ಯಾರು ಬೇಯಿಸುತ್ತಾರೆ? ಮಗುವಿನ ಮಲ ಪರೀಕ್ಷೆಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು.

ಮಗ ವರಾಂಡದಿಂದಲೇ ವ್ಯಾಪಾರಿಗೆ ಫೋನ್ ಮಾಡಿದ. "ಅಣ್ಣಾ, ಹೋದ ವಾರ ಹಾಕಿದ್ದ ಸೊಪ್ಪು ಮಾರ್ಬೇಡಣ್ಣ."

"ಅಯ್ಯೋ, ಅದು ಅವತ್ತೇ ಖಾಲಿ ಆಯ್ತಲ್ಲಪ್ಪ! ಇನ್ನಷ್ಟು ಕಳ್ಸು, ಬೇಡಿಕೆ ಐತೆ."

ಇನ್ನು ಕಳಿಸುವುದಿಲ್ಲ ಎಂದು ಹೇಳಿ ಮಗ ಫೋನ್ ಇಟ್ಟ. ಯಾವ ಊರಿನ ಯಾವ ಮನೆಯ ತಟ್ಟೆಗೆ ಹೋಯಿತೋ. ಅಲ್ಲಿಯೂ ಒಂದು ಕೂಸು ಇರುತ್ತದಲ್ಲವೇ? ಇಷ್ಟು ಖುಷಿಯಲ್ಲೂ ಆ ಯೋಚನೆ ನನ್ನನ್ನು ಬಿಡುವುದಿಲ್ಲ.

ಆಮೇಲೆ, ದೇವರ ದಯೆ, ಆ ಬೆಳಗು ಬಂತು. ಚೀಲಕ್ಕೆ ಮೊದಲು ನಾಲ್ಕು ಹನಿ, ಆಮೇಲೆ ಇನ್ನಷ್ಟು. ಕಿಡ್ನಿ ಮತ್ತೆ ಕೆಲಸ ಶುರು ಮಾಡಿದೆ ಎಂದರು ಡಾಕ್ಟರಮ್ಮ. ಯಜಮಾನರು ಗೋಡೆಗೆ ಮುಖ ಮಾಡಿ ಬಿಕ್ಕಿದರು.

"ತಾತಾ, ನೀನ್ಯಾಕೆ ಅಳ್ತೀಯ? ಉಚ್ಚೆ ಹೊಯ್ದಿದ್ದು ನಾನು ತಾನೇ?" ಎಂದಿತು ಮಗು. ಪಕ್ಕದ ಮಂಚದವರೂ ನಕ್ಕರು.

ಸಂಜೆ ಮಗ ಊರಿಂದ ಬಂದ. ಹೊಲದಲ್ಲಿ ಉಳಿದಿದ್ದ ಸೊಪ್ಪಿನ ಮೇಲೆ ಟ್ರ್ಯಾಕ್ಟರ್ ಹೊಡೆಸಿ, ಪಕ್ಕದ ಮನೆಯವರು ಮಾಡಿಕೊಟ್ಟ ಮುದ್ದೆ, ಹುರುಳಿಕಾಳು ಸಾರು ತಂದಿದ್ದ. ಯಜಮಾನರು ನಲ್ಲಿಯ ಹತ್ತಿರ ಸೋಪು ಹಚ್ಚಿ ಕೈ ತೊಳೆಯುತ್ತಲೇ ಇದ್ದರು.

"ಅಪ್ಪಾ, ಚರ್ಮ ಕಿತ್ತೋಗ್ತದೆ, ಬಾ ಉಣ್ಣೋಣ," ಎಂದು ಕರೆದ ಮಗ.

ಮಂಚದ ಮೇಲೆ ಸೊಸೆ ಮಗುವಿಗೆ ಚಮಚದಲ್ಲಿ ಗಂಜಿ ಕೊಡುತ್ತಿದ್ದಳು. ನಾವು ಮಂಚದ ಪಕ್ಕ ನೆಲದ ಮೇಲೆ ಕೂತು, ಸೊಸೆಯ ಪಾಲನ್ನೂ ಬಡಿಸಿಟ್ಟೆವು. ಯಜಮಾನರು ಮುದ್ದೆ ಮುರಿದವರು ಕೈ ತಡೆದು ಕೇಳಿದರು, "ಸಾರು ಚೆನ್ನಾಗಿ ಕುದ್ದೈತೇನೋ?"

"ಎದುರಿಗೇ ನಿಂತು ಕುದಿಸ್ಕೊಂಡು ಬಂದೆ ಕಣಪ್ಪ. ಉಣ್ಣು."

ಅವರು ಮೊದಲ ತುತ್ತು ನುಂಗಿದರು. ಆಮೇಲೆ ನಾವೆಲ್ಲರೂ ಉಂಡೆವು.